ಸೈನೈಡ್ ದಿಬ್ಬದ ಲೆಕ್ಕ

ಕೇಳುಗರೇ, ನಮಸ್ಕಾರ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕಿಟಕಿ ಪಕ್ಕ ಕೂತುಕೊಳ್ಳಿ. ಕೋರಮಂಡಲ್, ಉರಿಗಾಂ, ಚಾಂಪಿಯನ್ ಅಂತ ಒಂದೊಂದೇ ಸ್ಟೇಷನ್ ದಾಟುತ್ತಿದ್ದ ಹಾಗೆ ಬೂದು ಬಣ್ಣದ ಗುಡ್ಡಗಳು ಕಾಣುತ್ತವೆ. ನೆತ್ತಿ ಚಪ್ಪಟೆ. ಮೈತುಂಬ ಮಳೆನೀರು ಕೊರೆದ ಸೀಳುಗಳು. ಎಲ್ಲೂ ಒಂದು ಬಂಡೆಯಿಲ್ಲ. ಮರುಭೂಮಿಯ ತುಂಡೊಂದು ದಾರಿ ತಪ್ಪಿ ಕೋಲಾರಕ್ಕೆ ಬಂತೇನೋ ಅನಿಸುತ್ತದೆ. ಸಿನಿಮಾದವರು ಶೂಟಿಂಗಿಗೆ ಬರುವುದೂ ಅದಕ್ಕೇ. ಊರಿನವರು ಮಾತ್ರ ಸುಮ್ನೆ ಸೈನೈಡ್ ದಿಬ್ಬ ಅಂತಾರೆ.

ಇವು ಹುಟ್ಟಿದ್ದು ಮನುಷ್ಯರ ಕೈಯಿಂದ. ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ, ಅಂದರೆ ಕೋಲಾರದ ಚಿನ್ನದ ಗಣಿಗೆ, ಕಾಲಿಟ್ಟದ್ದು 1880ರಲ್ಲಿ. ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಈ ನಡುವೆ ನೆಲದಡಿ 3 ಕಿಲೋಮೀಟರಿಗೂ ಕೆಳಗೆ ಇಳಿದರು. ಮೇಲೆ ತಂದ ಕಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡಿ ಸೈನೈಡ್ ಬೆರೆಸಿದ ನೀರಿನಲ್ಲಿ ಕಲಸುತ್ತಿದ್ದರು. ಚಿನ್ನ ಆ ನೀರಿನಲ್ಲಿ ಕರಗುತ್ತಿತ್ತು. ಸತುವಿನ ಪುಡಿ ಹಾಕಿದರೆ ಮತ್ತೆ ಕೈಗೆ ಸಿಗುತ್ತಿತ್ತು. ಮಿಕ್ಕ ಪುಡಿ? ಹೊರಗೆ ಸುರಿ. ಹಾಗೆ ಸುರಿದು ಸುರಿದು 13 ದಿಬ್ಬಗಳಾದವು. ಸಾವಿರ ಎಕರೆ ಜಾಗ, ಸುಮಾರು 3.3 ಕೋಟಿ ಟನ್ ಪುಡಿ.

ಸೈನೈಡ್ ಅಂದ ಕೂಡಲೇ ಎಲ್ಲರೂ ಬೆಚ್ಚುತ್ತಾರೆ. ನಿಜ ಹೇಳಬೇಕೆಂದರೆ ಅದು ಬಿಸಿಲು, ಗಾಳಿ ಬಿದ್ದರೆ ನಿಧಾನವಾಗಿ ಒಡೆದುಹೋಗುವ ವಸ್ತು. ಅದಕ್ಕಿಂತ ಹಟಮಾರಿಗಳು ಬೇರೆ ಇವೆ. ಮೊದಲನೆಯದು ಧೂಳು. ಕೆಜಿಎಫ್‌ನ ಚಿನ್ನ ಇದ್ದದ್ದು ಬೆಣಚು ಕಲ್ಲಿನಲ್ಲಿ. ಆ ಕಲ್ಲಿನ ಧೂಳೇ ಗಣಿಯೊಳಗಿನ ಕಾರ್ಮಿಕರ ಶ್ವಾಸಕೋಶ ಹೊಕ್ಕು ಸಿಲಿಕೋಸಿಸ್ ತಂದದ್ದು. ಈಗ ಆಷಾಢದ ಗಾಳಿ ಎದ್ದರೆ ಗಣಿಗೆ ಇಳಿಯದವರ ಮನೆಗೂ ಧೂಳು ಬರುತ್ತದೆ. ಇನ್ನೊಂದು, ಪುಡಿಯೊಳಗಿನ ಗಂಧಕ ಸೇರಿದ ಖನಿಜಗಳು. ಮಳೆನೀರು, ಗಾಳಿ ಎರಡೂ ತಾಗಿದರೆ ಅವು ಆಮ್ಲ ಬಿಡುತ್ತವೆ. ಆ ಆಮ್ಲ ಬೇರೆ ಲೋಹಗಳನ್ನೂ ಕರಗಿಸಿಕೊಂಡು ಇಳಿಜಾರು ಹುಡುಕುತ್ತದೆ. ಇಳಿಜಾರಿನಲ್ಲಿ ಇರುವುದು ಕೆರೆ, ಬಾವಿ, ಹೊಲ ಅಲ್ವಾ?

ಈ ಜಾಗ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯದು. ದಿಬ್ಬಗಳನ್ನು ಹರಾಜು ಹಾಕಿ, ಮತ್ತೆ ಅಗೆದು ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸುದ್ದಿ ಕೇಳಿ ಖುಷಿಪಟ್ಟವರು ಬಹಳ. ಕೆಲಸ ಸಿಗುತ್ತದೆ, ದಿಬ್ಬವೂ ಹೋಗುತ್ತದೆ ಅಂತ.

ಕೆಲಸ ಸಿಗಬಹುದು. ದಿಬ್ಬದ ವಿಷಯಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಟನ್ ಪುಡಿಯಲ್ಲಿ ಇರುವ ಚಿನ್ನ ಒಂದು ಗ್ರಾಂಗಿಂತ ಕಡಿಮೆ. ಪೂರ್ತಿ ಒಂದು ಗ್ರಾಂ ಅಂತಲೇ ಹಿಡಿಯಿರಿ. ಅಷ್ಟೂ ಸಿಕ್ಕಿತು ಅಂತಲೂ ಹಿಡಿಯಿರಿ. ಒಟ್ಟು 33 ಟನ್ ಚಿನ್ನ. ದುಡ್ಡಿನಲ್ಲಿ ದೊಡ್ಡ ಮೊತ್ತವೇ. ತೂಕದಲ್ಲಿ? ಎರಡು ಮೂರು ಲಾರಿ ಲೋಡು. 3.3 ಕೋಟಿ ಟನ್ನಿನಿಂದ ಎರಡು ಮೂರು ಲಾರಿ ಕಳೆದರೆ ಗುಡ್ಡ ಎಷ್ಟು ತಗ್ಗುತ್ತದೆ ಹೇಳಿ! ಮೇಲಾಗಿ, ಇಷ್ಟು ವರ್ಷ ಬಿಸಿಲಿಗೆ ಒಣಗಿದ್ದ ಪುಡಿಯನ್ನು ಮತ್ತೆ ಕಲಕಿ ಹಸಿ ಮಾಡಿರುತ್ತಾರೆ. ಚಿನ್ನ ಕರಗಿಸಲು ಸೈನೈಡನ್ನೇ ಬಳಸಿದರೆ ಅದೂ ಹೊಸದಾಗಿ ಸೇರಿರುತ್ತದೆ.

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿ ಇದನ್ನು 1970ರ ದಶಕದ ಕೊನೆಯಿಂದ ಮಾಡುತ್ತಿದ್ದಾರೆ. ಅಲ್ಲಿ ಒಂದು ಗಣಿ ದಿಬ್ಬದ ನೆತ್ತಿಯ ಮೇಲೆ ಕಾರಿನಲ್ಲೇ ಕೂತು ನೋಡುವ ಸಿನಿಮಾ ಮಂದಿರವಿತ್ತು. ಕೊನೆಗೆ ಅದನ್ನೂ ಚಿನ್ನಕ್ಕಾಗಿ ಅಗೆದರು. ಜೋರು ನೀರು ಹಾಯಿಸಿ ದಿಬ್ಬವನ್ನು ಕೆಸರು ಮಾಡಿ, ಪೈಪಿನಲ್ಲಿ ಕಾರ್ಖಾನೆಗೆ ಸಾಗಿಸುತ್ತಾರೆ. ಚಿನ್ನ ತೆಗೆದ ಕೆಸರು ಊರಾಚೆಯ ಒಂದು ದೈತ್ಯ ದಿಬ್ಬ ಸೇರುತ್ತದೆ. ಊರೊಳಗೆ ಜಾಗ ಖಾಲಿಯಾಯಿತು, ಒಪ್ಪೋಣ. ಆ ದೈತ್ಯನ ಪಕ್ಕದಲ್ಲಿ ಇರುವವರನ್ನೂ ಒಂದು ಮಾತು ಕೇಳಬೇಕು.

ಚಿನ್ನದ ಆಸೆ ಬಿಟ್ಟು ಬರೀ ಸ್ವಚ್ಛ ಮಾಡುವ ದಾರಿಯೂ ಇದೆ. ದಿಬ್ಬದ ಇಳಿಜಾರು ತಗ್ಗಿಸಬೇಕು. ಒಳ್ಳೆ ಮಣ್ಣು, ಗೊಬ್ಬರ ಹೊದಿಸಬೇಕು. ಲಾವಂಚದಂಥ ಗಟ್ಟಿ ಬೇರಿನ ಹುಲ್ಲು ಹಿಡಿಸಬೇಕು. ಸುತ್ತ ಕಾಲುವೆ ತೋಡಿ, ಹರಿದ ನೀರನ್ನು ಹಿಡಿದು ಶುದ್ಧ ಮಾಡಬೇಕು. ಬಾವಿ ನೀರನ್ನು ವರ್ಷ ವರ್ಷ ಪರೀಕ್ಷಿಸಬೇಕು. ಯಾವುದೂ ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಹುಲ್ಲಿನಿಂದ ಲಾಭ ಬರುವುದಿಲ್ಲ ನೋಡಿ.

ಹರಾಜಿನ ಕಾಗದದಲ್ಲಿ ಚಿನ್ನದಲ್ಲಿ ಯಾರಿಗೆ ಎಷ್ಟು ಪಾಲು ಅನ್ನುವ ಪುಟ ಇದ್ದೇ ಇರುತ್ತದೆ. ನಾನು ಹುಡುಕುವುದು ಇನ್ನೊಂದು ಪುಟ. ಚಿನ್ನ ಹೋದ ಪುಡಿಯನ್ನು ಎಲ್ಲಿ ಇಡುತ್ತೀರಿ? ಅದರ ಮೇಲೆ ಮಣ್ಣು ಹೊದಿಸುವ ದುಡ್ಡನ್ನು ಮೊದಲೇ ಠೇವಣಿ ಇಡಿಸಿಕೊಂಡಿದ್ದೀರಾ? ಅಗೆಯುವಾಗ ಎದ್ದ ಧೂಳಿಗೆ ಪಕ್ಕದ ಕಾಲೋನಿಯವರು ಯಾರ ಬಾಗಿಲು ತಟ್ಟಬೇಕು?

ನಮಸ್ಕಾರ.