‘ಇತರೆ’ ಎಂಬ ಕಾಲಮ್ಮಿನಲ್ಲಿ ಉಳಿದದ್ದು

ನಮಸ್ಕಾರ. ಕಾಲೇಜಿನ ಮಾನವಿಕ ಮತ್ತು ತತ್ವಶಾಸ್ತ್ರ ವಿಭಾಗದವರು ವರ್ಷಕ್ಕೊಮ್ಮೆ ತುಂಬಿಕೊಡಬೇಕಾದ ‘ಅಧ್ಯಾಪಕರ ಚಟುವಟಿಕೆಗಳು ಮತ್ತು ಸಾಧನೆಗಳು’ ಎಂಬ ನಮೂನೆಯ ಬಗ್ಗೆ ಇವತ್ತು ನನ್ನದೊಂದು ತಕರಾರಿದೆ. ಪ್ರಕಟವಾದ ಲೇಖನಗಳೆಷ್ಟು, ವಿಚಾರ ಸಂಕಿರಣಗಳಲ್ಲಿ ಮಂಡಿಸಿದ ಪ್ರಬಂಧಗಳೆಷ್ಟು, ಪಡೆದ ಅನುದಾನವೆಷ್ಟು ಎಂದು ಕೇಳುವ ಅದರ ಕಾಲಮ್ಮುಗಳನ್ನು ನಾನೂ ಬಹಳ ವರ್ಷಗಳಿಂದ ತುಂಬುತ್ತ ಬಂದಿದ್ದೇನೆ. ವರ್ಷದ ಬಹುಪಾಲು ದಿನ ನಾನು ಮಾಡಿದ ಕೆಲಸಕ್ಕೆ ಮಾತ್ರ ಅಲ್ಲಿ ಜಾಗವೇ ಸಿಕ್ಕಿಲ್ಲ.

ಎಂಥ ಕೆಲಸ ಎಂದರೆ, ಇಂಥದ್ದು. ಇಚ್ಛಾಸ್ವಾತಂತ್ರ್ಯದ ಕುರಿತು ವಿದ್ಯಾರ್ಥಿನಿಯೊಬ್ಬಳು ಬರೆದ ಪ್ರಬಂಧದಲ್ಲಿ ‘ಆದ್ದರಿಂದ’ ಎಂಬ ಪದ ನಾಲ್ಕು ಕಡೆ ಬಂದಿತ್ತು, ಆದರೆ ಮೂರು ಕಡೆ ಹಿಂದಿನ ವಾಕ್ಯದಿಂದ ಮುಂದಿನದು ಹೊರಡುತ್ತಲೇ ಇರಲಿಲ್ಲ. ಆ ಮೂರಕ್ಕೂ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಹೇಗೆ?’ ಎಂದಷ್ಟೇ ಬರೆದು ಕೊಟ್ಟೆ. ವಾರ ಕಳೆದು ಆಕೆ ತಿದ್ದಿ ತಂದಾಗ ಎರಡು ‘ಆದ್ದರಿಂದ’ಗಳು ಮಾಯವಾಗಿದ್ದವು, ಮೂರನೆಯದರ ಹಿಂದೆ ಅರ್ಧ ಪುಟದ ವಾದ ಬೆಳೆದು ನಿಂತಿತ್ತು. ತತ್ವಶಾಸ್ತ್ರದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಸಾಧನೆ ಯಾವುದೆಂದು ನನಗೆ ತಿಳಿಯದು.

ಈ ಮಾತು ಎತ್ತಿದೊಡನೆ ನಮ್ಮವರು ಜರ್ಮನ್ ತತ್ವಜ್ಞಾನಿ ಕಾಂಟ್‌ನನ್ನು ಸಾಕ್ಷಿಗೆ ಕರೆಯುವುದು ರೂಢಿ. 1770ರಲ್ಲಿ ಪ್ರಾಧ್ಯಾಪಕನಾದ ಆತ, 1781ರಲ್ಲಿ ತನ್ನ ಮಹಾಗ್ರಂಥ ಹೊರಬರುವವರೆಗೆ ಹೆಚ್ಚೇನನ್ನೂ ಪ್ರಕಟಿಸಲಿಲ್ಲ ಎಂಬುದು ನಿಜವೇ. ಆದರೆ ಅವನೊಬ್ಬನ ಮೌನವನ್ನು ನಾವೆಲ್ಲ ನಮ್ಮ ಸೋಮಾರಿತನಕ್ಕೆ ಹೊದಿಸಿಕೊಳ್ಳುವುದು ತರವಲ್ಲ. ನನಗೆ ಹೆಚ್ಚು ಒಪ್ಪುವ ಉದಾಹರಣೆ ಭಾಷಾವಿಜ್ಞಾನಿ ಸಸ್ಯೂರ್‌ನದು. ಜಿನೀವಾದಲ್ಲಿ 1907ರಿಂದ 1911ರವರೆಗೆ ಮೂರು ಸರಣಿಗಳಲ್ಲಿ ಆತ ಸಾಮಾನ್ಯ ಭಾಷಾವಿಜ್ಞಾನವನ್ನು ಪಾಠ ಮಾಡಿದ. ಅದನ್ನು ಪುಸ್ತಕವಾಗಿ ತರದೆ 1913ರಲ್ಲಿ ತೀರಿಕೊಂಡ. 1916ರಲ್ಲಿ ಹೊರಬಂದ ಆ ಪ್ರಸಿದ್ಧ ಗ್ರಂಥವನ್ನು ಇಬ್ಬರು ಸಹೋದ್ಯೋಗಿಗಳು ಕಟ್ಟಿದ್ದು ಮುಖ್ಯವಾಗಿ ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಿಂದ, ಅದೂ ತಾವು ಆ ತರಗತಿಗಳಲ್ಲಿ ಕುಳಿತಿರದೆ. ಇಪ್ಪತ್ತನೆಯ ಶತಮಾನದ ಮಾನವಿಕ ಚಿಂತನೆಯನ್ನು ತಿರುಗಿಸಿದ ಕೃತಿಯೊಂದು ಮೊದಲಿಗೆ ತರಗತಿಯ ಪಾಠವಾಗಿತ್ತು. ನಮ್ಮ ನಮೂನೆಯಲ್ಲಿ ಅದು ‘ಬೋಧನಾ ಅವಧಿ’ ಎಂಬ ಕಾಲಮ್ಮಿನ ಒಂದು ಅಂಕಿಯಾಗಿ ಮುಗಿದುಹೋಗುತ್ತಿತ್ತು.

ಎಣಿಕೆಯ ಇನ್ನೊಂದು ಪೇಚನ್ನೂ ನೋಡಿ. ಸಂಶೋಧಕರ ಲೇಖನಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರಿಂದ ಅವರನ್ನು ಅಳೆಯಲು ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಎಂಬ ಸೂಚ್ಯಂಕದ ಪ್ರಕಾರ, ಒಬ್ಬರ ಹತ್ತು ಲೇಖನಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡರೆ ಅವರ ಅಂಕ 10. ತತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ 1963ರಲ್ಲಿ ಪ್ರಕಟಿಸಿದ್ದು ಮೂರೇ ಪುಟದ ಲೇಖನ. ಸಮರ್ಥನೆಯುಳ್ಳ ಸತ್ಯ ನಂಬಿಕೆಯೇ ಜ್ಞಾನ ಎಂಬ ವ್ಯಾಖ್ಯಾನವನ್ನು ಅದು ಅಲುಗಾಡಿಸಿತು, ಜ್ಞಾನವೆಂದರೇನು ಎಂದು ವಿಚಾರಿಸುವ ಜ್ಞಾನಮೀಮಾಂಸೆಯಲ್ಲಿ ಅದರ ಚರ್ಚೆ ಇನ್ನೂ ನಿಂತಿಲ್ಲ. ಅಂಥ ಲೇಖನವನ್ನು ಎಷ್ಟು ಸಾವಿರ ಮಂದಿ ಉಲ್ಲೇಖಿಸಿದರೂ ಅದರಿಂದ ಸೂಚ್ಯಂಕಕ್ಕೆ ಸೇರುವುದು ಒಂದೇ ಒಂದು ಅಂಕ.

ಹಾಗೆಂದು ನಮೂನೆಯನ್ನೇ ಹರಿದೆಸೆಯಿರಿ ಎನ್ನಲಾರೆ. ಹಳದಿಯಾದ ನೋಟ್ಸನ್ನೇ ವರ್ಷಗಟ್ಟಲೆ ಓದಿ ಹೇಳುವವರೂ ನಮ್ಮಲ್ಲಿದ್ದಾರೆ, ಬಡ್ತಿಯ ಹೊತ್ತಿಗೆ ತಮ್ಮವರನ್ನು ಮುಂದೆ ತರುವವರೂ ಇದ್ದಾರೆ; ಲೆಕ್ಕ ಕೇಳುವ ಕಾಗದ ಇಬ್ಬರಿಗೂ ಸ್ವಲ್ಪ ಅಂಕೆ ಹಾಕುತ್ತದೆ. ನಾನು ಕೇಳುವುದು ಇಷ್ಟೇ: ಪಠ್ಯಕ್ರಮದಲ್ಲಿ ಈ ವರ್ಷ ಏನನ್ನು, ಏಕೆ ಬದಲಿಸಿದಿರಿ ಎಂಬುದಕ್ಕೆ ಒಂದು ಪುಟ, ತಿದ್ದಿಕೊಟ್ಟ ಒಂದು ಪ್ರಬಂಧವನ್ನು ಲಗತ್ತಿಸಲು ಅವಕಾಶ, ಮತ್ತು ಅನುವಾದವನ್ನು ‘ಇತರೆ’ಯಿಂದ ಎತ್ತಿ ಸಂಶೋಧನೆಯ ಸಾಲಿನಲ್ಲಿ ಕೂರಿಸುವುದು.

ಕಳೆದ ವರ್ಷ ಆ ‘ಇತರೆ’ಯ ಎರಡು ಸಾಲಿನ ಜಾಗದಲ್ಲಿ ನಾನು ಮೂರು ‘ಆದ್ದರಿಂದ’ಗಳ ಕಥೆಯನ್ನು ಬರೆದೆ. ‘ದಾಖಲೆ ಲಗತ್ತಿಸಿಲ್ಲ’ ಎಂಬ ಷರಾದೊಂದಿಗೆ ನಮೂನೆ ಹಿಂದಿರುಗಿತು. ಈ ವರ್ಷ, ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಪ್ರಬಂಧದ ಎರಡೂ ಪ್ರತಿಗಳನ್ನು ಲಗತ್ತಿಸಿದ್ದೇನೆ.