ಮೂರು ವರ್ಷದ ದಾಖಲೆ, ಗೋಡೆ ಮತ್ತು ಮೀನಿನ ತಕ್ಕಡಿ

ಈ ಗೋಡೆ ನೋಡಿ. ಬಿಳಿ ಬಣ್ಣದ ಮೇಲೆ ಬೆನ್ನಿನ ಆಕಾರದ ಕಲೆ ಕಾಣ್ತದಲ್ವಾ? ಅಷ್ಟೂ ನಮ್ಮ ಬೆವರು. ಮಂಗಳೂರಿನ ಉರ್ವಸ್ಟೋರ್ ಹತ್ತಿರದ ಸಣ್ಣ ಜಿಮ್ ಇದು. ಹೊರಗೆ ಜೂನ್ ಮಳೆ, ಒಳಗೆ ಸೆಕೆ.

ಇಲ್ಲೊಂದು ಕರಿಹಲಗೆ ಉಂಟು. ಸ್ಟ್ರಿಕ್ಟ್ ಕರ್ಲ್, ಅಂದರೆ ಗೋಡೆಗೆ ಬೆನ್ನು ಕೊಟ್ಟು ನಿಂತು ಮೊಣಕೈ ಮಡಚಿಯೇ ತೂಕದ ಬಾರ್ ಎತ್ತುವುದು, ಅದರ ದಾಖಲೆ ಬರೆಯಲಿಕ್ಕೆ ಮಾತ್ರ. ದೇಹತೂಕ 75 ಕೆಜಿ ಒಳಗಿನವರ ಸಾಲಿನಲ್ಲಿ ಮೂರು ವರ್ಷದಿಂದ ಒಂದೇ ಹೆಸರು, 52.5 ಕೆಜಿ. ಆ ಅಣ್ಣ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಈಗ ದಿನಾ ಸಂಜೆ ಇಲ್ಲೇ ಇರ್ತಾರೆ.

ನಾನು ಮೊದಲು 60 ಎತ್ತುತ್ತೇನೆ ಅಂತ ಎಲ್ಲರ ಹತ್ರ ಹೇಳಿಕೊಂಡು ತಿರುಗುತ್ತಿದ್ದೆ. ಸೊಂಟ ಮುಂದೆ ತಳ್ಳಿ, ಬೆನ್ನು ಹಿಂದೆ ವಾಲಿಸಿ ಎತ್ತುವುದು. ಅಣ್ಣ ಒಂದು ದಿನ, "ಇಲ್ಲಿ ಬಾ ಮಾರಾಯ" ಅಂತ ಕರೆದು ಗೋಡೆಗೆ ನಿಲ್ಲಿಸಿದರು. ಬೆನ್ನೂ ಹಿಂಭಾಗವೂ ಗೋಡೆ ಬಿಡಬಾರದು. ಹಿಮ್ಮಡಿ ಒಂದಡಿಗಿಂತ ದೂರ ಹೋಗಬಾರದು. ಮೊಣಕಾಲು ಮಡಚುವಂತಿಲ್ಲ. ಕೈ ಪೂರ್ತಿ ಕೆಳಗೆ ಚಾಚಿ, "ಕರ್ಲ್" ಅಂದಮೇಲೇ ಎತ್ತಬೇಕು, "ಡೌನ್" ಅನ್ನುವ ತನಕ ಇಳಿಸಬಾರದು. ಆ ದಿನ 40 ಕೆಜಿಗೇ ನನ್ನ ಕೈ ನಡುಗಿತು!

ಕಷ್ಟ ಎಲ್ಲಿ ಗೊತ್ತುಂಟಾ? ಅರ್ಧ ದಾರಿಯಲ್ಲಿ. ಮುಂಗೈ ನೆಲಕ್ಕೆ ಸಮ ಆದಾಗ ಬಾರ್ ಮೊಣಕೈಯಿಂದ ಅಡ್ಡಕ್ಕೆ ಅತಿ ದೂರ ಇರುತ್ತದೆ. ತೂಕ ಅದೇ, ಆದರೆ ಭಾರ ಅಲ್ಲೇ ಜಾಸ್ತಿ. ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದರಲ್ವಾ, ಆ ವೇಟ್‌ಲಿಫ್ಟಿಂಗ್‌ನಲ್ಲಿ ಕಾಲು, ಸೊಂಟ, ಭುಜ ಎಲ್ಲ ಸೇರಿ ಎತ್ತುತ್ತವೆ. ಇಲ್ಲಿ ಮೊಣಕೈ ಒಂದೇ. ಆರ್ಮ್ ರೆಸ್ಲಿಂಗ್‌ನ ಡೆನಿಸ್ ಸಿಪ್ಲೆಂಕೋವ್ ಹೀಗೆ 113 ಕೆಜಿ ಎತ್ತಿದವರು. ಅದು ಬೇರೆಯೇ ಲೋಕ ಬಿಡಿ.

ಎಂಟು ತಿಂಗಳು ವಾರಕ್ಕೆ ಎರಡೇ ದಿನ ಕರ್ಲ್ ಮಾಡಿದೆ. ಜಾಸ್ತಿ ಮಾಡಿದರೆ ಮೊಣಕೈ ನೋವು.

ಮೊನ್ನೆ ಒಂದು ತಮಾಷೆ ಆಯ್ತು. ಈ ಡೊಂಕು ಬಾರ್ 10 ಕೆಜಿ ಅಂತಲೇ ನಾವೆಲ್ಲ ನಂಬಿದ್ದೆವು. ಅಣ್ಣ ಸುಮ್ನೆ ಮೀನು ತೂಗುವ ತಕ್ಕಡಿಗೆ ಇಟ್ಟರೆ ಎಂಟೂವರೆ! ತಮ್ಮ 52.5 ಅನ್ನು ತಾವೇ ಅಳಿಸಿ 51 ಅಂತ ಬರೆದರು. ಹಲಗೆಯಲ್ಲಿದ್ದ ಎಲ್ಲರದ್ದೂ ಒಂದೂವರೆ ಕೆಜಿ ಇಳಿಯಿತು. ಕೆಲವರ ಮುಖ ನೋಡಬೇಕಿತ್ತು.

ಇವತ್ತು ನನ್ನ ಸರದಿ. 53.5. ತೀರ್ಪುಗಾರರೂ ಅಣ್ಣನೇ. ಮೊದಲ ಸಲ ಬೆನ್ನು ಗೋಡೆ ಬಿಟ್ಟಿತು. "ಆಗ್ಲಿಲ್ಲ." ಎರಡನೇ ಸಲ ಬಾರ್ ಮೇಲೆ ಬಂತು, ಆದರೆ ಖುಷಿಯಲ್ಲಿ ನಾನೇ ಮೊದಲು ಇಳಿಸಿಬಿಟ್ಟೆ. "ಆಗ್ಲಿಲ್ಲ." ಮೂರನೆಯದು ಅರ್ಧದಲ್ಲಿ ನಿಂತೇಬಿಟ್ಟಿತು. ಎರಡು ಸೆಕೆಂಡ್ ಇರಬಹುದು, ನನಗೆ ಎರಡು ಮಳೆಗಾಲ. ಆಮೇಲೆ ನಿಧಾನಕ್ಕೆ ಗಲ್ಲದ ಹತ್ತಿರ ಬಂತು.

"ಡೌನ್."

ಅಣ್ಣನೇ ಸೀಮೆಸುಣ್ಣ ತೆಗೆದು ನನ್ನ ಹೆಸರು ಬರೆದರು. ಸೀಮೆಸುಣ್ಣ ನನ್ನ ಕೈಗೆ ಕೊಟ್ಟು ಬೆನ್ನು ತಟ್ಟಿದರು. ಮತ್ತೆ ಎರಡೂ ಬದಿಗೆ ಒಂದೂಕಾಲು ಕೆಜಿಯ ಬಿಲ್ಲೆ ಸೇರಿಸಿ, ಬೆನ್ನು ಗೋಡೆಗೆ ಕೊಟ್ಟು, "ನೀನು ಹೇಳು" ಅಂದರು.

ಹೇಳಿದೆ. 56 ಕೆಜಿ, ಒಂದೇ ಸಲಕ್ಕೆ.

"ಇಷ್ಟು ವರ್ಷ ಯಾಕೆ ಎತ್ತಲಿಲ್ಲ ಅಣ್ಣಾ?"

"ಯಾರೂ ಕೇಳಲಿಲ್ಲವಲ್ಲ ಮಾರಾಯ."

ಸೀಮೆಸುಣ್ಣ ಇನ್ನೂ ನನ್ನ ಕೈಯಲ್ಲೇ ಇತ್ತು. ಅಳಿಸಿ ಬರೆದೆ.