ಪನಾಮಾ: ಮಳೆಯನ್ನು ನಂಬಿದ ಹಡಗುದಾರಿ

ಕೇಳುಗರಿಗೆ ನಮಸ್ಕಾರ.

ಪನಾಮಾ ಕಾಲುವೆ ಎಂದರೆ ಎರಡು ಸಾಗರಗಳ ನಡುವಿನ ನೆಲ ಸೀಳಿ ಉಪ್ಪುನೀರು ಹರಿಸಿದ ದಾರಿ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಸೂಯೆಜ್ ಹಾಗಿದೆ, ನಿಜ. ಪನಾಮಾದಲ್ಲಿ ಹಡಗು ಬೆಟ್ಟ ಹತ್ತಿ ಇಳಿಯುತ್ತದೆ! ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಗಾಟುನ್ ಎಂಬ ಸರೋವರ ಮಾಡಿದ್ದಾರೆ. ಅದು ಸಮುದ್ರಮಟ್ಟಕ್ಕಿಂತ 26 ಮೀಟರ್ ಎತ್ತರದಲ್ಲಿದೆ. ಹಡಗು ದೊಡ್ಡದೊಂದು ತೊಟ್ಟಿಯೊಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರೇರಿದಂತೆ ಹಡಗೂ ಏರುತ್ತದೆ. ಇದಕ್ಕೆ ಪಂಪು ಬೇಕಿಲ್ಲ.

ಈ ಉಪಾಯಕ್ಕೆ ಬರುವ ಮೊದಲು ತೆತ್ತ ಬೆಲೆ ಘೋರ. ಸೂಯೆಜ್ ಕಾಲುವೆ ಕಟ್ಟಿಸಿ ಗೆದ್ದ ಹುಮ್ಮಸ್ಸಿನಲ್ಲಿದ್ದ ಫ್ರಾನ್ಸಿನ ಲೆಸೆಪ್ಸ್, 1881ರಲ್ಲಿ ಇಲ್ಲೂ ಸಮುದ್ರಮಟ್ಟಕ್ಕೇ ಅಗೆಯಲು ಹೊರಟರು. ಮರಳುಗಾಡಿನಲ್ಲಿ ಕಲಿತದ್ದು ಮಳೆಕಾಡಿನಲ್ಲಿ ನಡೆಯಲಿಲ್ಲ. ಅಗೆದಷ್ಟೂ ಗುಡ್ಡ ಕುಸಿಯಿತು. ಹಳದಿ ಜ್ವರ, ಮಲೇರಿಯಾಗಳಿಂದ ಸುಮಾರು ಇಪ್ಪತ್ತು ಸಾವಿರ ಜನ ಸತ್ತರೆಂದು ಅಂದಾಜು. ಆಸ್ಪತ್ರೆಯಲ್ಲಿ ಇರುವೆ ಹತ್ತದಿರಲೆಂದು ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರಂತೆ. ಸೊಳ್ಳೆ ಮರಿ ಮಾಡುತ್ತಿದ್ದದ್ದು ಆ ಬಟ್ಟಲುಗಳಲ್ಲೇ! 1889ರಲ್ಲಿ ಲೆಸೆಪ್ಸರ ಕಂಪನಿ ದಿವಾಳಿಯಾಯಿತು.

1903ರಲ್ಲಿ ಅಮೆರಿಕದ ಬೆಂಬಲದಿಂದ ಪನಾಮಾ ಕೊಲಂಬಿಯಾದಿಂದ ಬೇರೆಯಾಯಿತು. ಮರುವರ್ಷ ಕೆಲಸ ಅಮೆರಿಕನ್ನರ ಕೈಸೇರಿತು. ಅಷ್ಟರಲ್ಲಿ ಸೊಳ್ಳೆಯ ಗುಟ್ಟು ಬಯಲಾಗಿತ್ತು. ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡಿದ್ದರು. ಹಳದಿ ಜ್ವರಕ್ಕೂ ಸೊಳ್ಳೆಯೇ ಕಾರಣವೆಂದು ಕ್ಯೂಬಾದಲ್ಲಿ ರುಜುವಾತಾಗಿತ್ತು. ವೈದ್ಯ ಗೋರ್ಗಸ್ ನಿಂತ ನೀರನ್ನು ಬಸಿದು, ಎಣ್ಣೆ ಸುರಿದು, ಕಿಟಕಿಗಳಿಗೆ ಜಾಲರಿ ಹಾಕಿಸಿದರು. ಕಾಲುವೆ ಕಟ್ಟಿದ ಕೀರ್ತಿಯಲ್ಲಿ ಎಂಜಿನಿಯರುಗಳಿಗಿಂತ ದೊಡ್ಡ ಪಾಲು ಇವರಿಗೆ ಸಲ್ಲಬೇಕು ಎಂಬುದು ನನ್ನ ಮತ. ಅಗೆದವರಲ್ಲಿ ಹೆಚ್ಚಿನವರು ಬಾರ್ಬಡೋಸ್ ಮೊದಲಾದ ದ್ವೀಪಗಳ ಕಪ್ಪು ಕೂಲಿಗಳು. ಬಿಳಿಯ ಅಮೆರಿಕನ್ನರ ಸಂಬಳ ಚಿನ್ನದ ಲೆಕ್ಕದಲ್ಲಿ, ಇವರದು ಬೆಳ್ಳಿಯ ಲೆಕ್ಕದಲ್ಲಿ. ವಸತಿ, ಊಟದ ಸಾಲುಗಳೂ ಬೇರೆಬೇರೆ.

1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ದಕ್ಷಿಣ ಅಮೆರಿಕದ ತುದಿ ಸುತ್ತುವ ಸಾವಿರಾರು ಮೈಲಿಗಳ ಬದಲು 82 ಕಿಲೋಮೀಟರ್. 1999ರ ಕೊನೆಯ ದಿನ ಅದು ಪನಾಮಾಕ್ಕೇ ಸೇರಿತು.

ಈಗಿನ ಚಿಂತೆ ಮಳೆಯದು. ಗಾಟುನ್ ಸರೋವರ ತುಂಬುವುದು ಮಳೆಯಿಂದಲೇ. ಹಳೆಯ ತೊಟ್ಟಿಗಳಲ್ಲಿ ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಕಡಲು ಸೇರುತ್ತದೆ. ಅದೇ ಸರೋವರ ಊರುಗಳಿಗೆ ಕುಡಿಯುವ ನೀರನ್ನೂ ಕೊಡಬೇಕು. 2023ರ ಬರದಲ್ಲಿ ದಿನಕ್ಕೆ ಬಿಡುವ ಹಡಗುಗಳ ಸಂಖ್ಯೆಯನ್ನೇ ಇಳಿಸಬೇಕಾಯಿತು. ಈಗ ರಿಯೊ ಇಂಡಿಯೊ ನದಿಗೆ ಹೊಸ ಅಣೆಕಟ್ಟಿನ ಯೋಜನೆಯಿದೆ. ಮುಳುಗಡೆಯಾಗಲಿರುವ ಹಳ್ಳಿಗಳ ರೈತರು ಅದನ್ನು ವಿರೋಧಿಸುತ್ತಿದ್ದಾರೆ.

ನಮಸ್ಕಾರ.